ಕುಂಕುಮಬಣ್ಣದ ಟ್ರೇಲರ್

ಶೋರ್‌ಲೈನ್
21 ಮಾರ್ಚ್ 2022

ವಾಸುದೇವಾ,

ನಾನು ವಸಂತಲಕ್ಷ್ಮಿ ಚಕ್ರಪಾಣಿ ನಾಯಕ. ಬೇಲೆಕೇರಿಯ ನಮ್ಮ ಕೇರಿಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ಮೊದಲ ಹೆಣ್ಣು. ಗಂಡ ತೀರಿಕೊಂಡ ಮೇಲೆ ಅವರ ಐಸ್ ಫ್ಯಾಕ್ಟರಿಯನ್ನು ಹತ್ತೊಂಬತ್ತು ವರ್ಷ ಒಬ್ಬಳೇ ನಡೆಸಿದವಳು. ಬಂದರಿನ ನಲವತ್ತು ಬೋಟಿನವರು ನನ್ನ ಗೇಟಿನ ಮುಂದೆ ಸಾಲು ನಿಂತಿದ್ದಾರೆ. ನಾನು ತಲೆ ಆಡಿಸದೆ ಒಂದು ಬ್ಲಾಕ್ ಐಸು ಹೊರಗೆ ಹೋದದ್ದಿಲ್ಲ. ಇದೆಲ್ಲ ನಿನಗೆ ಗೊತ್ತಿಲ್ಲವೆಂದು ಬರೆಯುತ್ತಿಲ್ಲ. ಈ ಮನೆಯವರು ಮರೆತಿದ್ದಾರೆ. ಎಲ್ಲಿಯಾದರೂ ಒಂದು ಕಡೆ ಬರೆದಿರಲಿ ಎಂದು ಬರೆದೆ.

ವಿಷಯ ಇಷ್ಟು. ಮಗ ಪೃಥ್ವಿ, ಸೊಸೆ ಯಾಮಿನಿ ಸೇರಿ ಒಂದು ದೋಣಿ ಕೊಂಡಿದ್ದಾರೆ. ಹಳೆಯದು, ಅಲ್ಯುಮಿನಿಯಮ್ಮಿನದು, ಆರು ಜನ ಕೂರಬಹುದು. ದೋಣಿ ಚೆನ್ನಾಗಿದೆ. ಅದನ್ನು ಹೊರುವ ಟ್ರೇಲರ್ ಮಾತ್ರ ತುಕ್ಕು ಹಿಡಿದು ಹೋಗಿತ್ತಂತೆ, ಮೊದಲಿನ ಯಜಮಾನ ಅದನ್ನು ಗುಜರಿಗೆ ಹಾಕಿದ್ದ. ಈಗ ಹೊಸ ಟ್ರೇಲರ್ ಬೇಕು.

ನಮ್ಮಲ್ಲಿ ದೋಣಿ ನೀರಿನಲ್ಲೇ ಇರುತ್ತದೆ, ಇಲ್ಲವೇ ಹತ್ತು ಜನ ಸೇರಿ ಮರಳಿಗೆ ಎಳೆಯುತ್ತಾರೆ. ಇಲ್ಲಿ ಅಮೆರಿಕದಲ್ಲಿ ಅದು ಮನೆಯ ಅಂಗಳದಲ್ಲಿ ಟ್ರೇಲರಿನ ಮೇಲೆ ಮಲಗುತ್ತದೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಸಮುದ್ರದೊಳಗೆ ಇಳಿಯುವ ಸಿಮೆಂಟಿನ ರಾಂಪಿನ ಮೇಲೆ ಟ್ರೇಲರನ್ನೇ ಹಿಂದಕ್ಕೆ ತಳ್ಳಿ ಮುಳುಗಿಸುತ್ತಾರೆ. ದೋಣಿ ತೇಲುತ್ತದೆ. ವಾಪಸು ಬಂದಾಗ ಮತ್ತೆ ಮುಳುಗಿಸಿ ದೋಣಿಯನ್ನು ಹತ್ತಿಸುತ್ತಾರೆ. ಅಂದರೆ ಚಕ್ರ, ಬ್ರೇಕು, ದೀಪ, ಚೌಕಟ್ಟು ಎಲ್ಲಕ್ಕೂ ಒಂದು ದಿನಕ್ಕೆ ಎರಡು ಸಲ ಉಪ್ಪುನೀರಿನ ಸ್ನಾನ. ಕರ್ಕ್‌ಲ್ಯಾಂಡ್, ಬೆಲ್ವ್ಯೂ ಕಡೆಯ ನಮ್ಮವರು ದೋಣಿಯನ್ನು ಕೆರೆಯಲ್ಲಿ ಬಿಡುತ್ತಾರೆ, ಅವರಿಗೆ ಈ ತಲೆನೋವಿಲ್ಲ. ಇವರಿಗೆ ಸಮುದ್ರವೇ ಆಗಬೇಕು. ಕೆರೆಯಲ್ಲಿ ಏಡಿ ಸಿಗುವುದಿಲ್ಲ ನೋಡು.

ಅಂಗಡಿಯಲ್ಲಿ ಮೂರು ಜಾತಿ ಇವೆ. ಬಣ್ಣ ಹೊಡೆದ ಕಬ್ಬಿಣದ್ದು. ಜಿ.ಐ., ಅಂದರೆ ಸತು ಹೊದೆಸಿದ ಕಬ್ಬಿಣದ್ದು. ಮತ್ತೆ ಅಲ್ಯುಮಿನಿಯಮ್ಮಿನದು. ನಾನು ಬಾಯಿ ತೆರೆದರೆ ಪೃಥ್ವಿ, “ಅಮ್ಮಾ, ನೀನು ಟೆನ್ಷನ್ ಮಾಡ್ಕೋಬೇಡ, ಯಾಮಿನಿ ರಿಸರ್ಚ್ ಮಾಡ್ತಿದ್ದಾಳೆ” ಅನ್ನುತ್ತಾನೆ. ಉಪ್ಪುನೀರಿನ ರಿಸರ್ಚನ್ನು ಮೈಸೂರಿನಲ್ಲಿ ಹುಟ್ಟಿ, ಮದುವೆಯಾಗುವ ತನಕ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದವಳು ಮಾಡಬೇಕಂತೆ. ಮೀನಿನ ವಾಸನೆಗೆ ಮೂಗು ಮುಚ್ಚುವವಳು.

ನೀನು ಮೂವತ್ತೈದು ವರ್ಷ ಬೋಟುಗಳನ್ನು ರಿಪೇರಿ ಮಾಡಿದವನು. ಯಾವುದು ಸರಿ ಎಂದು ಬರೆ. ಫೋನು ಮಾಡಬಹುದಿತ್ತು, ಆದರೆ ನಿನ್ನ ಕಿವಿಗೆ ನಾನು ಕೂಗಿದರೆ ಈ ಬೀದಿಯವರು ಪೊಲೀಸರನ್ನು ಕರೆದಾರು. ಯಾಮಿನಿಯ ಫೋನಿನಲ್ಲಿ ಬರೆಸಿ ಕಳಿಸಲು ನನಗೆ ಮನಸ್ಸಿಲ್ಲ. ಪೋಸ್ಟಿನಲ್ಲೇ ಬರೆ.

ವಸಂತಲಕ್ಷ್ಮಿ

*

ಬೇಲೆಕೇರಿ
11 ಏಪ್ರಿಲ್ 2022

ಅಕ್ಕಾ,

ನಿನ್ನ ಪತ್ರ ತಲುಪಿತು. ಕಿವಿ ಹಾಗೇ ಇದೆ. ಎಡಗಿವಿ ಪೂರ್ತಿ ಹೋಯಿತು, ಬಲಗಿವಿಗೆ ಗುಡುಗು ಕೇಳುತ್ತದೆ.

ಬಣ್ಣದ್ದು ಬೇಡವೇ ಬೇಡ. ಬಣ್ಣ ಹೊರಗೆ ಮಾತ್ರ ಇರುತ್ತದೆ. ಚೌಕ ಪೈಪಿನ ಒಳಗೆ ಯಾವ ಬ್ರಶ್ಶೂ ಹೋಗುವುದಿಲ್ಲ, ಉಪ್ಪುನೀರು ಹೋಗುತ್ತದೆ. ಒಳಗಿನಿಂದ ತಿನ್ನುತ್ತ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಮುಗಿದಿರುತ್ತದೆ. ಸಿಹಿನೀರಿನ ಕೆರೆಗಾದರೆ ಸಾಕು.

ಜಿ.ಐ. ತೆಗೆದುಕೊಳ್ಳಿ. ಇಡೀ ಚೌಕಟ್ಟನ್ನು ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದದ್ದು ಇರಬೇಕು, ಒಳಗೂ ಹೊರಗೂ ಕೂತಿರುತ್ತದೆ. ನೋಡಲು ಚಂದವಿಲ್ಲ, ಬೂದಿಬಣ್ಣ. ನಿನ್ನ ಫ್ಯಾಕ್ಟರಿಯ ಐಸ್ ಡಬ್ಬಿಗಳನ್ನು ನೆನಪು ಮಾಡಿಕೋ. ಅಲ್ಯುಮಿನಿಯಮ್ಮೂ ಆದೀತು, ಆದರೆ ಅದರ ಬೋಲ್ಟು, ಪಟ್ಟಿಗಳೆಲ್ಲ ಬೇರೆ ಲೋಹದವು. ಎರಡು ಜಾತಿಯ ಲೋಹ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದು ಇನ್ನೊಂದನ್ನು ತಿಂದುಬಿಡುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನಿಮಗೆ ಬೇಡ.

ಯಾವುದನ್ನೇ ತಂದರೂ ಪ್ರತಿ ಸಲ ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಬೇರಿಂಗಿಗೆ ಗ್ರೀಸು ತುಂಬಿರಿ. ಏನೇ ಆದರೂ ಅದರ ಮೈಗೆ ಡ್ರಿಲ್ ಹಾಕಬೇಡಿ.

ಜಿ.ಐ. ಬರಲು ತಡವಾದರೆ ಕಾಯಿರಿ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ.

ಯಾಮಿನಿಗೆ ನನ್ನ ಆಶೀರ್ವಾದ ತಿಳಿಸು. ಅವಳು ಕೇಳಿ ತಿಳಿದುಕೊಳ್ಳುವ ಹುಡುಗಿ.

ವಾಸು

*

ಶೋರ್‌ಲೈನ್
9 ಮೇ 2022

ವಾಸುದೇವಾ,

ನಿನ್ನ ಪತ್ರ ಮೊನ್ನೆ ಆರನೇ ತಾರೀಕು ಕೈಸೇರಿತು. ಏನು ಮಾಡುವುದು, ಅಷ್ಟರಲ್ಲಿ ಟ್ರೇಲರ್ ಮನೆಗೆ ಬಂದು ಮೂರು ದಿನವಾಗಿತ್ತು. ನಿಮ್ಮ ಪೋಸ್ಟಿನವರಿಗೆ ನನ್ನ ಪರವಾಗಿ ನಾಲ್ಕು ಮಾತು ಹೇಳು.

ಬಣ್ಣದ್ದನ್ನೇ ತಂದೆವು. ಆರಿಸಿದವಳು ಯಾಮಿನಿ. ಪೃಥ್ವಿ ಏಪ್ರಿಲ್ ಪೂರ್ತಿ ಬೆಂಗಳೂರಿನ ಆಫೀಸಿನಲ್ಲಿದ್ದ. ಮನೆಯಲ್ಲಿ ನಾವಿಬ್ಬರು, ಮತ್ತು ಮೊಮ್ಮಗಳು ಶರ್ವಾಣಿ. ನಾನು ಹಿರಿಯಳಾಗಿ ಹೇಳುವುದನ್ನು ಹೇಳಬಹುದು, ಕಾಗದಕ್ಕೆ ಸಹಿ ಹಾಕುವವಳು ಅವಳು.

ಆದರೆ ಒಂದು ಮಾತು ಒಪ್ಪಬೇಕು. ನೋಡಲು ಲಕ್ಷಣವಾಗಿದೆ. ಒಳ್ಳೆ ಕುಂಕುಮದ ಬಣ್ಣ. ಬಿಸಿಲು ಬಿದ್ದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಸರಿಯಾಗಿ ಅಕ್ಷಯ ತದಿಗೆಯ ದಿನ ಬೆಳಿಗ್ಗೆ ಮನೆಗೆ ಬಂತು. ಅರಿಶಿನ ಕುಂಕುಮ ಇಟ್ಟು, ಹಾರ ಹಾಕಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆ. ನಮ್ಮ ಕನ್ನಡದವರು ಹನ್ನೆರಡು ಮನೆಯವರು ಬಂದಿದ್ದರು. ಬೆಲ್ವ್ಯೂದ ಮೈತ್ರಿ, ಅವಳ ಗಂಡನಿಗೂ ಬಿಳಿ ದೋಣಿಯಿದೆ, ಟ್ರೇಲರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. “ಆಂಟಿ, ಸೂಪರ್ ಆಗಿದೆ, ನಮ್ದು ಇದರ ಮುಂದೆ ಏನೂ ಅಲ್ಲ” ಎಂದಳು. ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಿದಾಗ ಪಕ್ಕದ ಮನೆಯ ಅಮೆರಿಕದವನು ಬೇಲಿಯಾಚೆಯಿಂದ ಚಪ್ಪಾಳೆ ತಟ್ಟಿದ.

ಇನ್ನೊಂದು. ನಮ್ಮ ಫ್ಯಾಕ್ಟರಿಯ ಆಫೀಸಿನ ಬಾಗಿಲಿನಲ್ಲಿ ಇವರ ಹೆಸರಿನ ಹಿತ್ತಾಳೆಯ ಫಲಕವಿತ್ತಲ್ಲ, ಅದನ್ನು ನಾನು ಇಲ್ಲಿಗೆ ಬರುವಾಗ ಪೆಟ್ಟಿಗೆಯಲ್ಲಿ ತಂದಿದ್ದೆ. ಅದನ್ನು ಟ್ರೇಲರಿನ ಮುಂದಿನ ತೊಲೆಯ ಮೇಲೆ ಹಾಕಿಸಿದೆ. ಚಕ್ರಪಾಣಿ ನಾಯಕ. ಪಕ್ಕದ ಮನೆಯವನೇ ಡ್ರಿಲ್ ತಂದು ನಾಲ್ಕು ಸ್ಕ್ರೂ ಬಿಗಿದುಕೊಟ್ಟ. ನೀನು ಡ್ರಿಲ್ ಬೇಡ ಎಂದು ಬರೆದದ್ದು ಆಮೇಲೆ ಬಂತು. ನಾಲ್ಕು ಸ್ಕ್ರೂವಿಗೆ ಏನಾಗುತ್ತದೆ?

ವಸಂತಲಕ್ಷ್ಮಿ

*

ಶೋರ್‌ಲೈನ್
30 ಜುಲೈ 2023

ವಾಸುದೇವಾ,

ಹದಿನಾಲ್ಕು ತಿಂಗಳು ದಾಟಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಕಿವಿ ಹೋದರೆ ಕೈಯೂ ಹೋಗುತ್ತದೆಯೇ? ದೀಪಾವಳಿಗೆ ಬರೆದೆ, ಯುಗಾದಿಗೆ ಬರೆದೆ. ನಿನ್ನ ಹೆಂಡತಿ ಫೋನಿನಲ್ಲಿ “ಆರಾಮಿದ್ದಾರೆ ಅಕ್ಕಾ” ಎನ್ನುತ್ತಾಳೆ. ಆರಾಮಿರುವವನು ಪೆನ್ನು ಹಿಡಿಯಬಾರದೆಂದು ಯಾರು ಹೇಳಿದರು?

ಈ ವರ್ಷವೂ ಏಡಿ ಶುರುವಾಯಿತು. ಇಲ್ಲಿ ಅದಕ್ಕೂ ಲೈಸೆನ್ಸು, ಹಿಡಿದದ್ದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆಯಬೇಕು. ಹೆಣ್ಣೇಡಿ ಬಂದರೆ ಬಿಡಬೇಕು, ಸಣ್ಣದಾದರೆ ಬಿಡಬೇಕು. ಯಾಮಿನಿ ಒಂದು ಅಳತೆಪಟ್ಟಿ ಹಿಡಿದುಕೊಂಡು ಒಂದೊಂದನ್ನೂ ಅಳೆಯುತ್ತಾಳಂತೆ. ಹತ್ತಿರದ ಎವರೆಟ್ ಬಂದರಿನ ರಾಂಪಿನಲ್ಲಿ ಟ್ರೇಲರನ್ನು ಹಿಂದಕ್ಕೆ ತಳ್ಳುವುದು ಪೃಥ್ವಿಗೆ ಬರುವುದಿಲ್ಲ, ಅಡ್ಡಡ್ಡ ಹೋಗುತ್ತದೆ. ಅವಳೇ ಮಾಡುತ್ತಾಳೆ. ಏಡಿ ಹಿಡಿಯುವ ಬುಟ್ಟಿಯನ್ನು ನೀರಿನಿಂದ ಎಳೆಯುವವಳೂ ಅವಳೇ. ಮನೆಗೆ ಬಂದು ಏಡಿಯ ಬಕೆಟ್ಟನ್ನು ನನ್ನ ಮುಂದಿಟ್ಟು, ಒಲೆಯ ಹತ್ತಿರವೂ ನಿಲ್ಲದೆ, ಮನೆಯ ಕಿಟಕಿಗಳನ್ನೆಲ್ಲ ತೆರೆದು ಹೊರಗೆ ಹೋಗುತ್ತಾಳೆ. ನನಗೆ ಚಳಿ. ಶರ್ವಾಣಿ ಮಾತ್ರ ಬಕೆಟ್ಟಿನ ಸುತ್ತ ಕುಣಿಯುತ್ತಾಳೆ. “ಅಜ್ಜಿ, ದೇ ಆರ್ ಸ್ಟಿಲ್ ಮೂವಿಂಗ್!” “ಇನ್ನೇನು ನಿದ್ದೆ ಮಾಡುತ್ತವೆಯೇ, ಆಚೆ ಸರಿ” ಎಂದೆ.

ಯಾಮಿನಿ ಹೊರಗೆ ಹೋಗಿ ಏನು ಮಾಡುತ್ತಾಳೆ ಗೊತ್ತೇ? ಪೈಪು ಹಿಡಿದು ಟ್ರೇಲರನ್ನು ಒಂದು ಗಂಟೆ ತೊಳೆಯುತ್ತಾಳೆ. ಚಕ್ರ, ಬ್ರೇಕು, ಅಡಿಯಲ್ಲಿ ಮಲಗಿ ಸ್ಪ್ರಿಂಗು. ಮಗುವಿಗೆ ಎಣ್ಣೆಸ್ನಾನ ಮಾಡಿಸಿದ ಹಾಗೆ. ಒಂದು ದಿನವೂ ತಪ್ಪಿಸಿದ್ದಿಲ್ಲ. ನೋಡಿದರೆ ನನಗೆ ಸಿಟ್ಟು ಬರುತ್ತದೆ. ಯಾಕೆ ಎಂದು ಕೇಳಬೇಡ.

ನಿನಗೊಂದು ವಿಷಯ ಕೇಳಬೇಕಿತ್ತು. ಸುಮ್ಮನೆ ಕೇಳುತ್ತಿದ್ದೇನೆ. ಕಬ್ಬಿಣದ ತೊಲೆಯಲ್ಲಿ ಸ್ಕ್ರೂವಿನ ಸುತ್ತ ಕಂದುಬಣ್ಣದ ನೀರು ಇಳಿದು ಗೆರೆ ಬಿದ್ದರೆ ಅದಕ್ಕೆ ಏನು ಹಚ್ಚಬೇಕು? ಫಲಕದ ಕೆಳಗೆ ಒಂದು ಬೆರಳಿನಷ್ಟು ಇಳಿದಿದೆ. ಕುಂಕುಮಬಣ್ಣದ ಮೇಲೆ ಎದ್ದು ಕಾಣುವುದಿಲ್ಲ. ಇನ್ನೂ ಯಾರೂ ನೋಡಿಲ್ಲ.

ವಸಂತಲಕ್ಷ್ಮಿ

*

ಬೇಲೆಕೇರಿ
20 ಆಗಸ್ಟ್ 2023

ಅಕ್ಕಾ,

ಬರೆಯದೆ ಇದ್ದದ್ದಕ್ಕೆ ಕಾರಣವಿತ್ತು. ಅದು ಈಗ ಬೇಡ.

ಫಲಕವನ್ನು ಈವತ್ತೇ ತೆಗೆಸು. ಹಿತ್ತಾಳೆ, ಕಬ್ಬಿಣ, ಉಪ್ಪುನೀರು ಮೂರೂ ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ತೆಗೆದ ಮೇಲೆ ಆ ಜಾಗವನ್ನು ಸುತ್ತಿಗೆಯಿಂದ ಬಡಿದು ನೋಡಲು ಹೇಳು. ಗಟ್ಟಿ ಸದ್ದು ಬರದಿದ್ದರೆ ಆ ಟ್ರೇಲರನ್ನು ಇನ್ನು ನೀರಿಗೆ ಇಳಿಸಬೇಡಿ. ಸುಮ್ಮನೆ ಕೇಳಿದ್ದೇನೆ ಎಂದು ಬರೆದಿದ್ದೀಯ. ನಾನು ಸುಮ್ಮನೆ ಬರೆಯುತ್ತಿಲ್ಲ.

ಯಾಮಿನಿಗೆ ತೋರಿಸು.

ವಾಸು

*

ಶೋರ್‌ಲೈನ್
12 ಸೆಪ್ಟೆಂಬರ್ 2023

ವಾಸುದೇವಾ,

ಅದೇ ಬಣ್ಣದ ಸಣ್ಣ ಡಬ್ಬಿಯೊಂದನ್ನು ತರಿಸಿ ನಾನೇ ಎರಡು ಸಲ ಹಚ್ಚಿದೆ. ಈಗ ಗೆರೆ ಕಾಣುವುದಿಲ್ಲ. ಬೇಸಿಗೆಯೂ ಮುಗಿಯಿತು.

ಸತ್ತ ಗಂಡನ ಹೆಸರನ್ನು ಕಿತ್ತು ತೆಗೆ ಎಂದು ನನಗೆ ಇನ್ನೊಮ್ಮೆ ಬರೆಯಬೇಡ.

ವಸಂತಲಕ್ಷ್ಮಿ

*

ಶೋರ್‌ಲೈನ್
22 ಆಗಸ್ಟ್ 2024

ವಾಸುದೇವಾ,

ಯಾಮಿನಿಯ ಎಡಗೈ ಮಣಿಕಟ್ಟು ಮುರಿದಿದೆ.

ಕಳೆದ ಭಾನುವಾರ ಎವರೆಟ್ಟಿನಲ್ಲಿ. ದೋಣಿಯನ್ನು ಟ್ರೇಲರಿನ ಮೇಲೆ ಹತ್ತಿಸಿ ಆಗಿತ್ತು. ಪೃಥ್ವಿ ಕಾರಿನಲ್ಲಿದ್ದ, ಇವಳು ಪಕ್ಕದಲ್ಲಿ ನಡೆಯುತ್ತ ಬೆಲ್ಟು ಬಿಗಿಯಾಗಿದೆಯೇ ಎಂದು ನೋಡುತ್ತಿದ್ದಳು. ರಾಂಪಿನ ಅರ್ಧಕ್ಕೆ ಬರುವಾಗ ಮುಂದಿನ ತೊಲೆ ಮುರಿಯಿತು. ಸದ್ದೂ ಆಗಲಿಲ್ಲವಂತೆ, ಒದ್ದೆ ಕಟ್ಟಿಗೆ ಮುರಿದ ಹಾಗೆ. ದೋಣಿಯ ಮೂತಿ ನೆಲಕ್ಕೆ ಕುಸಿದು ಹಿಂದಕ್ಕೆ ಜಾರಿತು. ಇವಳು ಹಿಡಿಯಲು ಕೈ ಕೊಟ್ಟಳು. ಅಷ್ಟು ಭಾರವನ್ನು ಕೈಯಲ್ಲಿ ಹಿಡಿಯಲಾಗುತ್ತದೆಯೇ? ಆದರೆ ಕೊಟ್ಟಳು. ಹಿಂದೆ ಸಾಲಿನಲ್ಲಿ ನಿಂತಿದ್ದವರು ಓಡಿಬಂದು ಎಳೆದುಕೊಂಡರು, ಇಲ್ಲದಿದ್ದರೆ ಕೈಗೇ ಮುಗಿಯುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಪೃಥ್ವಿ ಊಟದ ಮೇಜಿನ ಮುಂದೆ ಅವಳ ಮೇಲೆ ಹರಿಹಾಯ್ದ. ಹೆದರಿಕೆ ಸಿಟ್ಟಾಗಿ ಬಂದಿತ್ತು, ನನಗೆ ಗೊತ್ತು. “ನೀನೇ ತಗೊಂಡಿದ್ದು ಯಾಮಿನಿ! ಎರಡು ತಿಂಗಳು ರಿಸರ್ಚ್ ಮಾಡಿ, ಲೇಕ್‌ಗೆ ಹಾಕೋ ಟ್ರೇಲರ್ ತಗೊಂಡಿದೀಯಾ. ಶರ್ವಾಣಿ ಪಕ್ಕದಲ್ಲಿ ಇದ್ದಿದ್ರೆ ಏನಾಗ್ತಿತ್ತು?”

ಯಾಮಿನಿ ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ, “ಹೌದು, ನನ್ನ ತಪ್ಪು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಬೋಟ್ ಮಾರಿಬಿಡೋಣ. ನನಗೆ ಇದು ಬೇಡ” ಎಂದಳು.

ನಾನು ಸಾರಿನ ಪಾತ್ರೆ ಕೆಳಗಿಟ್ಟು ಒಳಗೆ ಹೋದೆ.

ಮಾರುವುದಕ್ಕೆ ಹಾಕಿದ್ದಾರೆ. ದೋಣಿಯ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹಾಕಿದ್ದಾಯಿತು. ನಿನ್ನೆ ಒಬ್ಬ ನೋಡಿಯೂ ಹೋದ. ಯಾಮಿನಿ ಕಿಟಕಿಯಿಂದ ನೋಡುತ್ತಿದ್ದಳು, ಹೊರಗೆ ಬರಲಿಲ್ಲ. ಅವಳು ಈಗ ಮನೆಯಲ್ಲಿ ಯಾವುದಕ್ಕೂ ಹೌದು, ಇಲ್ಲ ಅನ್ನುವುದಿಲ್ಲ. ಯಾವ ಹಾಲು ತರಬೇಕು ಎಂದರೂ “ನೀವೇ ಹೇಳಿ” ಅನ್ನುತ್ತಾಳೆ.

ಎಲ್ಲರ ಮೇಲೂ ನನಗೆ ಸಿಟ್ಟಿದೆ. ಅಂಗಡಿಯವನು ಸಮುದ್ರಕ್ಕೆ ಆಗದ್ದನ್ನು ಸಮುದ್ರದ ದಡದಲ್ಲಿ ಯಾಕೆ ಇಟ್ಟುಕೊಂಡಿದ್ದ? ಪೃಥ್ವಿ ಮೂರು ಬೇಸಿಗೆ ಅದನ್ನು ಎಳೆದ, ಒಂದು ದಿನ ಬಗ್ಗಿ ನೋಡಿದನೇ? ನೀನಾದರೂ ಗಟ್ಟಿಯಾಗಿ ಇನ್ನೊಂದು ಪತ್ರ ಬರೆಯಬಹುದಿತ್ತು. ಬೇಡ ಎಂದರೆ ಬಿಟ್ಟುಬಿಡುವುದೇ? ಅಕ್ಕ ಎಂಬ ಹೆದರಿಕೆಯೇ?

ವಸಂತಲಕ್ಷ್ಮಿ

*

ಬೇಲೆಕೇರಿ
5 ಸೆಪ್ಟೆಂಬರ್ 2024

ಅಕ್ಕಾ,

ಹೌದು, ಹೆದರಿಕೆಯೇ. ಎಪ್ಪತ್ತು ವರ್ಷ ಹತ್ತಿರ ಬಂತು, ಇನ್ನೂ ಹೋಗಿಲ್ಲ. ಈ ಪತ್ರವನ್ನು ಹೆದರಿಕೊಂಡೇ ಬರೆಯುತ್ತಿದ್ದೇನೆ.

ಇದರ ಜೊತೆ ಒಂದು ಚಿತ್ರ ಇಟ್ಟಿದ್ದೇನೆ, ಅಂಕೋಲೆಯಲ್ಲಿ ಪ್ರಿಂಟ್ ಹಾಕಿಸಿದೆ. ಏಪ್ರಿಲ್ 19, 2022ಕ್ಕೆ ಯಾಮಿನಿ ನನ್ನ ಫೋನಿಗೆ ಕಳಿಸಿದ್ದು. ಬೂದಿಬಣ್ಣದ ಟ್ರೇಲರ್. ಕೆಳಗೆ ಅವಳು ಬರೆದದ್ದನ್ನು ನೀನೇ ಓದು. “ವಾಸು ಮಾವ, ಇದನ್ನ ಆರ್ಡರ್ ಮಾಡಿದೀನಿ, ಮೇ ಕೊನೆಗೆ ಬರುತ್ತೆ. ಉಪ್ಪುನೀರಿಗೆ ಸರಿ ಇದೆಯಾ? ಅತ್ತೆಗೆ ಏಡಿ ಅಂದ್ರೆ ಇಷ್ಟ, ಇಲ್ಲಿ ಒಳ್ಳೇದು ಸಿಗಲ್ಲ ಅಂತ ದಿನಾ ಹೇಳ್ತಾರೆ. ಅದಕ್ಕೇ ಬೋಟ್.” ಇದೇ ಸರಿ ಮಗಳೇ ಎಂದು ಉತ್ತರ ಕಳಿಸಿದೆ.

ಆಮೇಲೆ ನಿನ್ನ ಪತ್ರ ಬಂತು. ಬಣ್ಣದ್ದನ್ನು ಆರಿಸಿದವಳು ಯಾಮಿನಿ ಎಂದು. ಏನಾಯಿತು ಎಂದು ಅವಳನ್ನು ಕೇಳಿದೆ. “ಪ್ಲಾನ್ ಚೇಂಜ್ ಆಯ್ತು ಮಾವ” ಎಂದಳು. ಅಷ್ಟೇ. ಎರಡು ವರ್ಷವಾಯಿತು, ನಿನ್ನ ವಿರುದ್ಧ ಅವಳು ಒಂದು ಅಕ್ಷರ ಬರೆದಿಲ್ಲ. ಅವಳು ಹೇಳಲಿಲ್ಲ, ನನಗೆ ಅರ್ಥವಾಯಿತು. ಅದಕ್ಕೇ ಹದಿನಾಲ್ಕು ತಿಂಗಳು ನಿನಗೆ ಬರೆಯಲು ಆಗಲಿಲ್ಲ. ನಾನು ಮುನಿಸಿಕೊಂಡು ಕೂತಿದ್ದೆ. ಫಲಕದ ವಿಷಯ ನಿನ್ನ ಆ ಪತ್ರದಲ್ಲೇ ಇತ್ತು. ಅವತ್ತೇ ಬರೆದಿದ್ದರೆ, ಯಾಮಿನಿಗಾದರೂ ಒಂದು ಸಾಲು ಕಳಿಸಿದ್ದರೆ, ಆ ಕೈ ಉಳಿಯುತ್ತಿತ್ತು. ಅದು ನನ್ನ ಪಾಲಿನ ತಪ್ಪು, ನಾನು ಹೊರುತ್ತೇನೆ.

ಇನ್ನೊಂದೇ ಪ್ರಶ್ನೆ. ನಿನ್ನ ಫ್ಯಾಕ್ಟರಿಯ ಐಸ್ ಡಬ್ಬಿಗಳು ಯಾವ ಬಣ್ಣದ್ದಿದ್ದವು ಅಕ್ಕಾ? ಒಳಗೆ ಐಸು ಕಟ್ಟಲೆಂದು ಹತ್ತೊಂಬತ್ತು ವರ್ಷ ಉಪ್ಪುನೀರಿನ ತೊಟ್ಟಿಯಲ್ಲಿ ಅವನ್ನು ಇಳಿಸಿ ಎತ್ತಿಸಿದವಳು ನೀನು. ಒಂದಾದರೂ ತುಕ್ಕು ಹಿಡಿಯಿತೇ? ನಿನಗೆ ಗೊತ್ತಿರಲಿಲ್ಲ ಎಂದು ನಾನು ಹೇಗೆ ನಂಬಲಿ?

ವಾಸು

*

ಶೋರ್‌ಲೈನ್
3 ಅಕ್ಟೋಬರ್ 2024

ವಾಸುದೇವಾ,

ನಿನ್ನ ಪತ್ರ ಕಳೆದ ತಿಂಗಳ ಇಪ್ಪತ್ತಕ್ಕೆ ಬಂತು. ಮೊದಲ ಸಲ ಓದಿದಾಗ ನಿನ್ನನ್ನು ಬೈದೆ. ಎರಡನೇ ಸಲ ಓದಿದಾಗ ಬೈಯಲು ಏನೂ ಸಿಗಲಿಲ್ಲ.

ಬೂದಿಬಣ್ಣದ್ದು. ಒಂದೂ ತುಕ್ಕು ಹಿಡಿಯಲಿಲ್ಲ.

ಆ ಏಪ್ರಿಲ್ಲಿನಲ್ಲಿ ನಡೆದದ್ದನ್ನು ಈಗ ಬರೆಯುತ್ತೇನೆ. ನಿನ್ನ ಪತ್ರ ನನಗೆ ಬಂದದ್ದು ಮೇ ಆರಕ್ಕಲ್ಲ. ಏಪ್ರಿಲ್ ಇಪ್ಪತ್ತೆಂಟಕ್ಕೆ. ಅಕ್ಷಯ ತದಿಗೆಗೆ ಇನ್ನೂ ಐದು ದಿನವಿತ್ತು. ಟಪಾಲು ಡಬ್ಬಿಯಿಂದ ತಂದು ನನ್ನ ಕೈಗೆ ಕೊಟ್ಟವಳು ಯಾಮಿನಿ. ಓದಿ, ಮಡಚಿ, ಸೀರೆಗಳ ಕೆಳಗೆ ಇಟ್ಟೆ. ಅದರಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ.

ಆ ಸಂಜೆ ಮೈತ್ರಿ ಚಹಾಕ್ಕೆ ಬಂದಿದ್ದಳು. ಯಾಮಿನಿ ತಾನು ಆರ್ಡರ್ ಮಾಡಿದ್ದರ ಚಿತ್ರವನ್ನು ನಮಗಿಬ್ಬರಿಗೂ ತೋರಿಸಿದಳು. ಮೈತ್ರಿ ನಕ್ಕಳು. “ಅಯ್ಯೋ ಆಂಟಿ, ಇದು ಬೋರ್‌ವೆಲ್ ಪೈಪ್ ತರ ಇದೆ ಅಲ್ವಾ? ಪೂಜೆಗೆ ಇದನ್ನ ನಿಲ್ಲಿಸ್ತೀರಾ?” ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನಾನು ಆ ಚಿತ್ರದಲ್ಲಿ ಕಂಡದ್ದು ಪೈಪನ್ನಲ್ಲ, ಡಬ್ಬಿಗಳನ್ನು. ಇವರು ಹೋದ ಮೊದಲ ವರ್ಷ ಕೆಲಸದವರು ಬಿಟ್ಟುಹೋದಾಗ ತೊಟ್ಟಿಯ ಮೇಲೆ ನಾನೇ ನಿಂತಿದ್ದೆ, ನಿನಗೆ ನೆನಪಿರಬಹುದು. ಅಂಗೈ ಒಡೆದು, ಒಡೆದ ಜಾಗಕ್ಕೆ ಉಪ್ಪು ಹೋಗಿ, ಅನ್ನ ಕಲಸಲು ಆಗುತ್ತಿರಲಿಲ್ಲ. ಇಲ್ಲಿ ಎಲ್ಲರೂ ಡಿಗ್ರಿಯವರು. ನಾನು ಫ್ಯಾಕ್ಟರಿ ಯಜಮಾನಿ ಎಂದು ಅವರಿಗೆ ಗೊತ್ತು. ಡಬ್ಬಿ ಎತ್ತಿದವಳು ಎಂದು ಗೊತ್ತಿಲ್ಲ. ಆ ಬಣ್ಣ ನನ್ನ ಅಂಗಳದಲ್ಲಿ, ಹನ್ನೆರಡು ಮನೆಯವರ ಮುಂದೆ, ಹಾರ ಹಾಕಿಸಿಕೊಂಡು ನಿಲ್ಲುವುದು ನನಗೆ ಬೇಡವಾಗಿತ್ತು. ಅದು ಹಬ್ಬಕ್ಕೆ ಬರುವುದೂ ಇಲ್ಲ ಎಂಬ ನೆಪ ಸಿಕ್ಕಿತು.

ಕ್ಯಾನ್ಸಲ್ ಮಾಡು, ಅಂಗಡಿಯಲ್ಲಿ ನಿಂತಿರುವ ಕುಂಕುಮಬಣ್ಣದ್ದನ್ನು ತಾ ಎಂದೆ. “ಅತ್ತೆ, ಅದು ಉಪ್ಪುನೀರಿಗೆ ಆಗಲ್ಲ” ಎಂದಳು. “ಉಪ್ಪುನೀರಿನ ಪಾಠ ನನಗೆ ಹೇಳಬೇಡ” ಎಂದೆ. ಅವಳು ಸಹಿ ಹಾಕಿದಳು. ಪೃಥ್ವಿ ಬೆಂಗಳೂರಿನಿಂದ ಬಂದಾಗ, ಆರಿಸಿದವಳು ನಿನ್ನ ಹೆಂಡತಿ ಎಂದು ನಾನೇ ಹೇಳಿದೆ. ಆಗ ಹೊಗಳಿಕೆಯ ಹಾಗೆ ಹೇಳಿದ್ದೆ. ಅವಳು ಆಗಲೂ ನನ್ನ ಕಡೆ ಒಂದು ಸಲ ನೋಡಿದ್ದಳು.

ಅವಳು ಆ ಟ್ರೇಲರನ್ನು ಮೂರು ಬೇಸಿಗೆ ಯಾಕೆ ಹಾಗೆ ತೊಳೆದಳು ಎಂದು ನನಗೆ ಗೊತ್ತಿತ್ತು. ನಾನು ಮಾಡಿದ್ದನ್ನು ತೊಳೆಯುತ್ತಿದ್ದಳು. ಅದಕ್ಕೇ ಸಿಟ್ಟು ಬರುತ್ತಿತ್ತು.

ಈಗ ನಾನು ಮಾಡಿದ್ದನ್ನು ಕೇಳು.

ಇಪ್ಪತ್ತೆರಡನೇ ತಾರೀಕು ಭಾನುವಾರ, ಊಟವಾದ ಮೇಲೆ ಮೂವರನ್ನೂ ಕೂರಿಸಿದೆ. ಪೃಥ್ವಿ ಎದ್ದ. “ಅಮ್ಮಾ, ಈಗ ಅದೆಲ್ಲಾ ಯಾಕೆ, ಲೀವ್ ಇಟ್.”

“ಕೂತುಕೋ. ಇಂಗ್ಲಿಷ್ ಆಮೇಲೆ” ಎಂದೆ.

ಎಲ್ಲ ಹೇಳಿದೆ. ಪತ್ರ ಬಂದ ತಾರೀಕು, ಮೈತ್ರಿಯ ಮಾತು, ಬಣ್ಣದ ಡಬ್ಬಿ, ನಾನು ಎರಡು ಸಲ ಹಚ್ಚಿ ಮುಚ್ಚಿದ್ದು. ನಿನ್ನ ಪತ್ರಗಳನ್ನು ಮೇಜಿನ ಮೇಲೆ ಇಟ್ಟೆ. ಪೃಥ್ವಿ ಮೂರನ್ನೂ ಓದಿದ. ಮುಖ ಸಣ್ಣದಾಯಿತು. ನನ್ನನ್ನು ಏನೋ ಕೇಳಲು ಬಂದ. “ನನ್ನ ಹತ್ತಿರ ಆಮೇಲೆ. ಮೊದಲು ಅವಳ ಹತ್ತಿರ” ಎಂದೆ. ಅವನು ಅವಳ ಪಕ್ಕಕ್ಕೆ ಹೋಗಿ ಕೂತ. ಏನು ಹೇಳಿದ ಎಂದು ನಾನು ಕೇಳಿಸಿಕೊಳ್ಳಲಿಲ್ಲ, ನನಗೆ ಸಂಬಂಧಿಸಿದ್ದಲ್ಲ.

ಶರ್ವಾಣಿ ನನ್ನನ್ನೇ ನೋಡುತ್ತಿದ್ದಳು. ಹತ್ತು ವರ್ಷ ಅವಳಿಗೆ. “ಅಜ್ಜಿ, ಸೋ ಯು ಲೈಡ್?”

“ಹೌದು” ಎಂದೆ.

“ಫಾರ್ ಟೂ ಇಯರ್ಸ್?”

“ಎರಡೂವರೆ.”

ಯಾಮಿನಿ ಮಾತ್ರ, “ಅತ್ತೆ, ನಾನೂ ಗಟ್ಟಿಯಾಗಿ ಹೇಳ್ಬೇಕಿತ್ತು” ಎಂದಳು.

“ಹೌದು, ಹೇಳಬೇಕಿತ್ತು. ಇನ್ನು ಮೇಲೆ ಹೇಳು” ಎಂದೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಬರುವುದು ಕಷ್ಟ, ನಿನಗೆ ಗೊತ್ತು. ಅದನ್ನೂ ಹೇಳಿದೆ. ಅವಳು ಪಟ್ಟಿ ಕಟ್ಟಿದ ಕೈಯಿಂದ ನನ್ನ ಲೋಟಕ್ಕೆ ನೀರು ಬಗ್ಗಿಸಿದಳು. ಅರ್ಧ ಚೆಲ್ಲಿತು.

ಮರುದಿನ ಅಂಗಳಕ್ಕೆ ಹೋಗಿ ಫಲಕವನ್ನು ನಾನೇ ಬಿಚ್ಚಿದೆ. ಮೂರು ಸ್ಕ್ರೂ ಕೈಯಲ್ಲೇ ಬಂದವು. ಅದರ ಹಿಂದೆ ಕಬ್ಬಿಣ ಹಪ್ಪಳದ ಹಾಗೆ ಎದ್ದು ಪದರ ಪದರವಾಗಿ ಉದುರಿತು. ಹಿತ್ತಾಳೆಗೆ ಏನೂ ಆಗಿರಲಿಲ್ಲ, ಹೆಸರು ಹೊಸದರ ಹಾಗೆ ಹೊಳೆಯುತ್ತಿತ್ತು. ಸೆರಗಿನಿಂದ ಒರೆಸಿ ಒಳಗೆ ತಂದೆ. ಈಗ ಅದು ನನ್ನ ಕೋಣೆಯ ಗೋಡೆಯಲ್ಲಿದೆ. ಮುರಿದ ಟ್ರೇಲರ್ ಗುಜರಿಗೆ ಹೋಯಿತು. ದೋಣಿ ಕೊಳ್ಳಲು ಬಂದವನಿಗೆ ಮಾರಾಟಕ್ಕಿಲ್ಲ ಎಂದು ಹೇಳಿಸಿದೆ.

ಆಮೇಲೆ ಯಾಮಿನಿಯ ಜೊತೆ ಅಂಗಡಿಗೆ ಹೋದೆ. ಒಳಗೆ ಹೋಗಲಿಲ್ಲ, ಕಾರಿನಲ್ಲೇ ಕೂತಿದ್ದೆ. ಅವಳು ಒಂದು ಗಂಟೆ ಮಾತಾಡಿದಳು. ಬ್ರೇಕಿಗೆ ಸಿಹಿನೀರು ಹರಿಸುವ ನಳಿಗೆ ಇರುವುದೇ ಬೇಕು ಎಂದು ಹಟ ಹಿಡಿದಳಂತೆ. ಹೊರಗೆ ಬಂದು, “ಅತ್ತೆ, ಅಕ್ಟೋಬರ್ ಎರಡಕ್ಕೆ ಒಂದು ರೆಡಿ ಇದೆ. ನೀವು ಬಂದು ನೋಡ್ತೀರಾ?” ಎಂದಳು.

“ನೀನು ನೋಡಿದೆಯಲ್ಲ” ಎಂದೆ.

ಮನೆಯಲ್ಲಿ ಪೃಥ್ವಿ ಪಂಚಾಂಗ ತೆಗೆದ. “ಅಮ್ಮಾ, ಎರಡನೇ ತಾರೀಕು ಮಹಾಲಯ ಅಮಾವಾಸ್ಯೆ. ಪಿತೃಪಕ್ಷದಲ್ಲಿ ಹೊಸ ಗಾಡಿ ಯಾರು ತರ್ತಾರೆ? ಹತ್ತು ದಿನ ಕಾದ್ರೆ ಆಯುಧಪೂಜೆ. ಎಲ್ಲರನ್ನೂ ಕರೆಯೋಣ.” ನನ್ನನ್ನು ಸಂತೋಷಪಡಿಸಲು ಹೇಳಿದ, ಪಾಪ. ಯಾಮಿನಿ ನನ್ನ ಮುಖ ನೋಡಿದಳು. ಅದೇ ನೋಟ. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ.

ನಿನ್ನೆ, ಅಮಾವಾಸ್ಯೆಯ ದಿನ, ಮಧ್ಯಾಹ್ನ ಹನ್ನೆರಡೂವರೆಗೆ, ರಾಹುಕಾಲದಲ್ಲೇ ಅದನ್ನು ಮನೆಗೆ ತರಿಸಿದೆ. ನಿಂಬೆಹಣ್ಣು ಇಡಲಿಲ್ಲ, ಹಾರ ಹಾಕಲಿಲ್ಲ, ಯಾರನ್ನೂ ಕರೆಯಲಿಲ್ಲ. ಅದರ ಮೈಗೆ ಒಂದು ಮೊಳೆ ತಾಗಿಲ್ಲ. ಬೂದಿಬಣ್ಣದ್ದು, ನಮ್ಮ ಐಸ್ ಡಬ್ಬಿಗಳ ಬಣ್ಣವೇ. ಅಂಗಳದಲ್ಲಿ, ಬೀದಿಗೆ ಕಾಣುವ ಹಾಗೆ ನಿಂತಿದೆ.

ಆರಿಸಿದವಳು ಯಾಮಿನಿ. ಈ ಸಲ ನಿಜ.

ವಸಂತಲಕ್ಷ್ಮಿ